ಬೆನ್ನ ಹಿಂದಿನ ಬೀಗತಿ

ಗೆಳೆಯರೇ, ಇವತ್ತು ನನ್ನ ಪ್ರಯೋಗ ಗೆದ್ದಿತು, ಮನೆಯ ಮರ್ಯಾದೆ ಹೋಯಿತು.

ವರ್ಚುವಲ್ ರಿಯಾಲಿಟಿ ಕನ್ನಡಕ ಹಾಕಿಕೊಂಡವರಿಗೆ ಹೆಡ್‌ಫೋನಿನ ಸದ್ದು ತಲೆಯೊಳಗಿನಿಂದಲ್ಲ, ಸರಿಯಾದ ದಿಕ್ಕಿನಿಂದ ಬಂದಂತೆ ಕೇಳಿಸುವ ಹಾಗೆ ಮಾಡುವುದು ನನ್ನ ಕೆಲಸ. ಹತ್ತಿಮತ್ತೂರಿನ ನಮ್ಮ ಮನೆಯಲ್ಲಿ ಅವ್ವನಿಗೇ ಎರಡನ್ನೂ ತೊಡಿಸಿ ಕೂರಿಸಿದೆ. ಬೆನ್ನ ಹಿಂದಿನ ಬಾಗಿಲಲ್ಲಿ ಹೆಂಗಸೊಬ್ಬಳು ಕೂಗಿದಂತೆ ದನಿ ಹಾಕಿದೆ: "ಯಾರದೀರ್ರೀ ಮನ್ಯಾಗ?"

ಅವ್ವ ಗರಕ್ಕನೆ ತಿರುಗಿದಳು. "ಬರ್ರಿ, ಬರ್ರಿ, ಕುಂದರ್ರಿ. ಚಾ ಇಡ್ತೇನಿ."

ನಾನು ಕುಣಿದಾಡಿಬಿಟ್ಟೆ. "ಅವ್ವಾ, ಯಾರೂ ಬಂದಿಲ್ಲ, ಅದು ಮಷೀನು!"

ಅವ್ವನಿಗೆ ರೋಷ ಬಂತು. "ಇನ್ನೊಮ್ಮೆ ಹಚ್ಚು. ಈಗ ಹೆಂಗ ಮೋಸ ಹೋಗ್ತೇನಿ ನೋಡ್ತೇನಿ."

ನಾನಿನ್ನೂ ಹಚ್ಚಿರಲಿಲ್ಲ. ಅಷ್ಟರಲ್ಲೇ ಬಾಗಿಲಿನಿಂದ ಕೂಗು ಬಂತು: "ಯಾರದೀರ್ರೀ ಮನ್ಯಾಗ?"

ಅವ್ವ ಕುಂತಲ್ಲಿಂದ ಕದಲಲಿಲ್ಲ. ಜೋರಾಗಿಯೇ ಹೇಳಿದಳು, "ಒದರಲಿ ಬಿಡು. ಇದಕ್ಕೇನು ಚಾ ಮಾಡಿ ಕೊಡೂದೈತಿ?"

ಹೊಸ್ತಿಲ ಮೇಲೆ ಆಡೂರಿನಿಂದ ಬಂದ ಅಕ್ಕನ ಅತ್ತೆ, ಕೈಯಲ್ಲಿ ಉಂಡಿಯ ಡಬ್ಬಿ ಹಿಡಿದು ನಿಂತಿದ್ದರು.

ಈಗ ಬೀಗತಿ ಪಡಸಾಲೆಯಲ್ಲಿದ್ದಾರೆ, ಚಹಾ ಮುಟ್ಟಿಲ್ಲ. ಅವ್ವ ಅಡುಗೆಮನೆಯಿಂದ ನನ್ನನ್ನೇ ನೋಡುತ್ತಿದ್ದಾಳೆ. ಸಿಟ್ಟು ಯಾವ ಯಾವ ದಿಕ್ಕಿನಿಂದ ಬರುತ್ತಿದೆ ಎಂಬುದು ಹೆಡ್‌ಫೋನ್ ಇಲ್ಲದೆಯೂ ಸ್ಪಷ್ಟವಾಗಿ ತಿಳಿಯುತ್ತಿದೆ.