ಕೊಜೋಬೆರ್ದಿಯ ಕತ್ತಿಲ್ಲದ ಕುರಿ

ಮದುವೆಯ ಊಟದಲ್ಲಿ ಬೇಯಿಸಿದ ಕುರಿಯ ಹರಿವಾಣವನ್ನು ಇಸಾಬೆಕ್‌ನ ಕೈಗೆ ಕೊಟ್ಟವರದೇ ಮೊದಲ ತಪ್ಪು. ಕೋಕ್‌ತಾಶ್ ಪಟ್ಟಣದ ವಿಶ್ವವಿದ್ಯಾಲಯದಲ್ಲಿ ಪಶುಗಳ ಅಂಗರಚನೆ ಕಲಿಸುವ ಮೇಷ್ಟ್ರು ಅವನು. ಕುರಿಯ ಮೈಯೊಳಗೆ ಅವನಿಗೆ ಗೊತ್ತಿಲ್ಲದ ಎಲುಬಿಲ್ಲ ಎಂಬ ಹೆಮ್ಮೆಯಿಂದ ಹೆಂಡತಿಯ ಕಡೆಯವರು, "ಮೂಳೆ ಡಾಕ್ಟ್ರೇ ಹಂಚಲಿ" ಎಂದು ಅವನನ್ನು ಎಬ್ಬಿಸಿ ನಿಲ್ಲಿಸಿದರು.

ಮೂಳೆಯ ಹೆಸರು ಗೊತ್ತಿರುವುದು ಬೇರೆ, ಅದು ಯಾರ ತಟ್ಟೆಗೆ ಹೋಗಬೇಕೆಂದು ಗೊತ್ತಿರುವುದು ಬೇರೆ. ನಮ್ಮ ಕಿರ್ಗಿಜ್ ಮನೆಗಳಲ್ಲಿ ತಲೆ ಹಿರಿಯ ಅತಿಥಿಗೆ, ಸೊಂಟದ ಮೂಳೆ ಅವರ ನಂತರದ ಮುದುಕರಿಗೆ, ಬಾಲದ ಬುಡದ ಮೂಳೆ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯಳಿಗೆ, ಎದೆಮೂಳೆ ಸೊಸೆಯಂದಿರಿಗೆ ಅಳಿಯಂದಿರಿಗೆ. ಇದರಲ್ಲಿ ಎಡವಟ್ಟಾದರೆ ಮೂರು ತಲೆಮಾರು ಮಾತುಬಿಟ್ಟವರಿದ್ದಾರೆ. ಇಸಾಬೆಕ್ ಮಾತ್ರ ಪುಸ್ತಕದಲ್ಲಿರುವಂತೆ ಮುಂದಿನಿಂದ ಹಿಂದಕ್ಕೆ ಹಂಚಿಕೊಂಡು ಹೋದ. ಸೊಂಟದ ಮೂಳೆ ಮೂಲೆಯಲ್ಲಿ ಕುಳಿತಿದ್ದ ಹೊಸ ಅಳಿಯನಿಗೆ ಸಿಕ್ಕಿತು. ಆ ಹುಡುಗ ಹಸಿದಿದ್ದ, ಕಚ್ಚಿಯೇಬಿಟ್ಟ. ಎಂಬತ್ತು ದಾಟಿದ ಸೋದರಮಾವನಿಗೆ ಎದೆಮೂಳೆ ಬಂತು. ಮುದುಕ ಅದನ್ನು ಕೈಯಲ್ಲಿ ಹಿಡಿದು, ತಾನು ಯಾವಾಗ ಸೊಸೆಯಾದೆನೋ ಎಂಬಂತೆ ತಿರುಗಿಸಿ ನೋಡುತ್ತಿದ್ದ.

ಇನ್ನೇನು ಜಗಳ ಶುರುವಾಗಬೇಕು ಎನ್ನುವಾಗ ಬಾಗಿಲ ಬಳಿಯಿಂದ ಕೊಮುಜ್ ತಂತಿಯ ನಾದ ಕೇಳಿಸಿತು. ಮದುವೆಗೆ ಕರೆಸಿದ್ದ ಆಶುಕವಿ ಕೊಜೋಬೆರ್ದಿ, ಬಿಳಿಯ ಉಣ್ಣೆ ಟೋಪಿಯ ಕೆಳಗೆ ಕಲ್ಲಿನಂಥ ಮುಖ ಇಟ್ಟುಕೊಂಡು ಹಾಡಿದ:

ಪುಸ್ತಕ ಬಲ್ಲ ಮೇಷ್ಟ್ರಿಗೆ ನಾವು ಹರಿವಾಣ ಕೊಟ್ಟೆವಲ್ಲ,
ಮಸ್ತಕ ಯಾರಿಗೆ, ಮೊಣಕಾಲ್ ಯಾರಿಗೆ, ಅದೊಂದು ಓದಿಲ್ಲ;
ಅಜ್ಜನ ಸೊಂಟ ಅಳಿಯನು ಕಡಿದ, ಅಜ್ಜ ನೋಡುತ ಕುಂತ,
ಲಜ್ಜೆಯ ಮೂಳೆ ಕುರಿಯಲಿ ಎಲ್ಲಿದೆ? ಹೇಳಲಿ ವಿದ್ಯಾವಂತ.

ಮನೆ ಹಾರಿಹೋಗುವಂತೆ ನಕ್ಕರು. ಸೋದರಮಾವನೂ ನಕ್ಕ, ಜಗಳ ಅಲ್ಲಿಗೇ ಮುಗಿಯಿತು. ನಗದೆ ಉಳಿದವರು ಇಬ್ಬರೇ: ಇಸಾಬೆಕ್ ಮತ್ತು ಹಾಡಿದವನು.

ಕೊಜೋಬೆರ್ದಿ ನಗುವುದಿಲ್ಲ. ಹುಟ್ಟಿದಾಗಿನಿಂದ ಅಷ್ಟೇ ಎನ್ನುತ್ತಾರೆ. ಅವನ ಹೆಂಡತಿ ಜಿಪಾರ್ ಎಜೆ, ಎಂದರೆ ಜಿಪಾರ್ ಅಕ್ಕ, ಗೋಡೆಯ ಮೇಲಿನ ತಮ್ಮ ಮದುವೆಯ ಫೋಟೋ ತೋರಿಸಿ, "ನೋಡಿದವ್ರೆಲ್ಲ ಯಾರು ತೀರ್ಕೊಂಡಿದ್ದು ಅಂತ ಕೇಳ್ತಾರೆ" ಎನ್ನುತ್ತಾಳೆ. ಪ್ರಾಯದಲ್ಲಿ ಅವನು ಸರ್ಕಾರಿ ಫಾರ್ಮಿನಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಒಂದು ಪದ್ಯದ ನಾಲ್ಕನೇ ಸಾಲು ಹೊಂದಿಸುತ್ತ ಹೊಂದಿಸುತ್ತ ಟ್ರ್ಯಾಕ್ಟರನ್ನು ಹೊಳೆಗೆ ಇಳಿಸಿದ. ನೀರಿನಲ್ಲಿ ನಿಂತುಕೊಂಡೇ ಸಾಲನ್ನು ಮುಗಿಸಿದನೆಂದೂ, ಸಾಲು ಚೆನ್ನಾಗಿತ್ತೆಂದೂ ಫಾರ್ಮಿನವರೇ ಹೇಳುತ್ತಾರೆ. ಆಮೇಲೆ ಅವನನ್ನು ವಿದ್ಯುತ್ ಮೀಟರ್ ನೋಡಿಕೊಂಡು ಬರುವ ಕೆಲಸಕ್ಕೆ ಹಾಕಿದರು. ಮನೆಮನೆಗೆ ಹೋಗುತ್ತಿದ್ದ, ಮನೆಯವರನ್ನು ಹೊಗಳಿ ನಾಲ್ಕು ಸಾಲು ಕಟ್ಟುತ್ತಿದ್ದ, ಅವರು ಚಹಾ ಕುಡಿಸುತ್ತಿದ್ದರು, ಮೀಟರ್ ನೋಡುವುದು ಮರೆತುಹೋಗುತ್ತಿತ್ತು. ಆ ವರ್ಷ ಇಡೀ ಬೀದಿಯೇ ದೀಪ ಹಚ್ಚಿರಲಿಲ್ಲ ಎಂದು ಕಚೇರಿಯ ಲೆಕ್ಕ ಹೇಳಿತು. ಕೊನೆಗೆ ಅವನ ಪಾಲಿಗೆ ಮದುವೆ, ನಾಮಕರಣ, ಹೊಸಮನೆ ಪ್ರವೇಶಗಳೇ ಉಳಿದವು. ಜಿಲ್ಲಾ ಸ್ಪರ್ಧೆಗಳಲ್ಲಿ ಅವನು ಗೆದ್ದದ್ದು ಕಡಿಮೆ. ಎದುರಾಳಿ ಅವನ ಕಿವಿಯನ್ನು ಗೇಲಿ ಮಾಡಿದರೆ ತಕ್ಕ ಉತ್ತರ ಹೊಳೆಯುತ್ತಿತ್ತು, ಆದರೆ ಹೊಳೆಯುತ್ತಿದ್ದುದು ವಾಪಸು ಬರುವ ಬಸ್ಸಿನಲ್ಲಿ. ಪಕ್ಕದ ಸೀಟಿನವರು ತಮ್ಮದಲ್ಲದ ತಪ್ಪಿಗೆ ಬೈಸಿಕೊಳ್ಳುತ್ತಿದ್ದರು.

ಮದುವೆಯ ಅವಮಾನ ಆರುವ ಮೊದಲೇ ಡೀನ್ ಇಸಾಬೆಕ್‌ನನ್ನು ಕರೆಸಿಕೊಂಡರು.

"ನಿನ್ನ ಕ್ಲಾಸಲ್ಲಿ ಹುಡುಗ್ರು ಮಲಗ್ತಾರಂತೆ."

"ಎಲ್ಲಾ ಕ್ಲಾಸಲ್ಲೂ ಮಲಗ್ತಾರೆ ಸಾರ್."

"ನಿನ್ನ ಕ್ಲಾಸಲ್ಲಿ ದಿಂಬು ತರ್ತಾರಂತೆ. ನೋಡು, ರಾಜಧಾನಿಯಿಂದ ತಪಾಸಣೆ ತಂಡ ಬರ್ತಿದೆ. ಪಾಠಕ್ಕೂ ರಂಗಕಲೆಗೂ ನಂಟು ಇರ್ಬೇಕು ಅನ್ನೋದು ಅವ್ರ ಹೊಸ ಹುಚ್ಚು. ನಿನ್ನ ಪಾಠಾನೇ ನೋಡ್ತಾರೆ. ಮೆಚ್ಚಿದ್ರೆ ಸರಿ. ಇಲ್ದಿದ್ರೆ ಅಂಗರಚನೆ ಬೇರೆಯವ್ರಿಗೆ ಕೊಟ್ಟು ನಿನ್ನ ಹಾಲಿನ ಡೇರಿ ಲೆಕ್ಕಪತ್ರ ಪಾಠಕ್ಕೆ ಹಾಕ್ತೀನಿ."

ಹಾಲಿನ ಲೆಕ್ಕದ ಪಾಠದಲ್ಲಿ ಮಲಗುವವನು ಮೇಷ್ಟ್ರೇ ಎಂಬುದು ವಿಶ್ವವಿದ್ಯಾಲಯಕ್ಕೆಲ್ಲ ಗೊತ್ತು. ಇಸಾಬೆಕ್ ಮೂಳೆಗಳನ್ನು ನಿಜವಾಗಿಯೂ ಪ್ರೀತಿಸುತ್ತಿದ್ದ. ಒಂದು ಇಡೀ ಚಳಿಗಾಲ ಕುಳಿತು ಕುರಿಯ ಅಸ್ಥಿಪಂಜರವೊಂದನ್ನು ತಂತಿ ಕಟ್ಟಿ, ವಾರ್ನಿಷ್ ಬಳಿದು, ಗಾಜಿನ ಕಪಾಟಿನಲ್ಲಿ ನಿಲ್ಲಿಸಿದ್ದ. ಅದನ್ನು ಬಿಟ್ಟು ಹಾಲು ಅಳೆಯಬೇಕೆ? ರಂಗಕಲೆ ಎಂದಾಗ ಅವನಿಗೆ ನೆನಪಾದದ್ದು ತನ್ನ ಮಾನ ಕಳೆದ ಆ ಕಲ್ಲಿನ ಮುಖವೇ.

"ಬಾಯ್ಕೆ, ನನ್ನ ಕ್ಲಾಸಿಗೆ ಬಂದು ಮೂಳೆ ಮೇಲೆ ಹಾಡ್ಬೇಕು" ಎಂದು ಕೊಜೋಬೆರ್ದಿಯ ಮನೆಗೆ ಹೋಗಿ, ಅಣ್ಣನೆಂದು ಕರೆದು ಕೇಳಿದ.

"ಕುರಿ ಬೆಂದಿರುತ್ತಾ, ತಮ್ಮ?"

"ಇಲ್ಲ, ವಾರ್ನಿಷ್ ಹಾಕಿದ್ದು."

ಜಿಪಾರ್ ಎಜೆ ಬ್ರೆಡ್ಡು ಮುರಿದಿಡುತ್ತ, "ಕರ್ಕೊಂಡೋಗಪ್ಪ. ಮನೇಲಿದ್ರೆ ನನ್ನ ನೂಡಲ್ಸ್ ಮೇಲೇ ಪದ್ಯ ಕಟ್ತಾರೆ. ನಿನ್ನೆ ಕಟ್ಟಿದ್ದು ಕೇಳಿ ಪಕ್ಕದ್ಮನೆಯವ್ಳು ಉಪ್ಪು ಕೊಟ್ಟು ಹೋದ್ಳು" ಎಂದಳು.

ಹೀಗೆ ಕೊಜೋಬೆರ್ದಿ ವಿಶ್ವವಿದ್ಯಾಲಯಕ್ಕೆ ಬಂದ. ಮೊದಲ ದಿನವೇ ಕಪಾಟಿನ ಅಸ್ಥಿಪಂಜರವನ್ನು ನೋಡಿ, "ಇದು ನಿಂತಿದ್ರೆ ಹಂಚೋದು ಹೇಗೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ತಂತಿ ಬಿಚ್ಚತೊಡಗಿದ. ಇಸಾಬೆಕ್‌ನ ಚಳಿಗಾಲವೆಲ್ಲ ಒಂದು ಹರಿವಾಣದಲ್ಲಿ ರಾಶಿಯಾಗಿ ಬಿತ್ತು. ಆಮೇಲೆ ಹುಡುಗರನ್ನು ವಯಸ್ಸಿನ ಪ್ರಕಾರ ಕೂರಿಸಿ, ಕೊಮುಜ್ ನುಡಿಸುತ್ತ, ಯಾವ ಮೂಳೆ ಯಾರದೆಂದು ಹಾಡಿ ಹಾಡಿ ಕೈಗಿಟ್ಟ. ಹುಡುಗರು ದಿಂಬು ಮರೆತರು. ಹೆಗಲ ಹಲಗೆ ಸಿಕ್ಕವನು ತೊಡೆಮೂಳೆ ಸಿಕ್ಕವನ ಮೇಲೆ ಮುನಿಸಿಕೊಂಡ. ಕಲಿಕೆ ಶುರುವಾಗಿತ್ತು.

ಕಲಿತದ್ದೇನು ಎಂಬುದು ಕಿರುಪರೀಕ್ಷೆಯಲ್ಲಿ ಹೊರಬಿತ್ತು. ಕುರಿಯ ಮೂಳೆಗಳನ್ನು ಕ್ರಮವಾಗಿ ಬರೆಯಿರಿ ಎಂದರೆ, ಇಡೀ ತರಗತಿ ಹಿರಿಯ ಅತಿಥಿಯಿಂದ ಕಿರಿಯ ಸೊಸೆಯವರೆಗೆ ಕ್ರಮವಾಗಿ ಬರೆದಿತ್ತು. ಚಿತ್ರ ಬಿಡಿಸಿ ಎಂದರೆ ಎಲ್ಲರ ಕುರಿಗೂ ತಲೆ ನೇರವಾಗಿ ಬೆನ್ನಿಗೆ ಅಂಟಿಕೊಂಡಿತ್ತು.

"ಬಾಯ್ಕೆ, ಕತ್ತು ಎಲ್ಲಿ?"

"ಕತ್ತು ಯಾವ ಅತಿಥಿಗೆ ಕೊಡ್ತಾರೆ?"

"ಯಾರಿಗೂ ಕೊಡಲ್ಲ, ಆದ್ರೆ ಕುರಿಗೆ ಇರುತ್ತಲ್ಲ."

"ಇರುತ್ತೆ. ಹಾಡಿಗೆ ಬರಲ್ಲ."

ತಟ್ಟೆಗೆ ಬಾರದ ಮೂಳೆ ಅವನ ಕುರಿಗೆ ಇರಲಿಲ್ಲ. ಗೊರಸು ಗಾಳಿಯಲ್ಲಿತ್ತು, ಕತ್ತು ನಾಪತ್ತೆಯಾಗಿತ್ತು. ಹಾಡಿನ ನಡುವೆ ತಿದ್ದೋಣವೆಂದರೆ, ಆಶುಕವಿ ಹಾಡುವಾಗ ತಾನಾಗಿ ನಿಲ್ಲಿಸುವವರೆಗೆ ಯಾರೂ ಬಾಯಿ ಹಾಕುವಂತಿಲ್ಲ. ಅದು ನಮ್ಮಲ್ಲಿ ಊಟದ ಮಧ್ಯೆ ತಟ್ಟೆ ಎಳೆದಂತೆ. ಇಸಾಬೆಕ್ ಕತ್ತನ್ನು ಕೈಯಲ್ಲಿ ಹಿಡಿದು ಮೂಲೆಯಲ್ಲಿ ನಿಂತಿದ್ದ, ಅದನ್ನು ಕದ್ದು ಸಿಕ್ಕಿಬಿದ್ದವನ ಹಾಗೆ.

ತಪಾಸಣೆಯ ದಿನ ಬಂತು. ತಂಡದ ಮುಖ್ಯಸ್ಥೆ ಉಮ್ಸುನಾಯ್ ಎಜೆ. ಕೆಂಪು ಬಣ್ಣ ಹಾಕಿದ ಕೂದಲು, ಬಿಗಿದ ತುಟಿ. ಜೊತೆಗೆ ಬಂದ ಬಾತ್ಮಾ ಎಜೆಯೂ ಆಕೆಯೂ ಒಂದೇ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು. ತಮ್ಮಿಬ್ಬರಲ್ಲಿ ವಯಸ್ಸು ಯಾರಿಗೆ ಹೆಚ್ಚು ಎಂಬುದನ್ನು ಇಬ್ಬರೂ ನಿವೃತ್ತಿಯ ಕಾಗದ ಬರುವವರೆಗೂ ಬಿಟ್ಟುಕೊಡುವವರಲ್ಲ ಎಂದು ಡೀನ್ ಮೊದಲೇ ಪಿಸುಗುಟ್ಟಿದ್ದರು.

ಕೊಜೋಬೆರ್ದಿ ಮೊದಲು ಕೆಟಲ್ ತರಿಸಿದ. ಮಾಂಸಕ್ಕೆ ಮುಂಚೆ ಕೈತೊಳೆಸುವುದು ಪದ್ಧತಿ. ಒಬ್ಬ ವಿದ್ಯಾರ್ಥಿನಿ ಬೋಗುಣಿ ಹಿಡಿದು ಎದುರು ಬಂದಾಗ ತಂಡದವರು ಯೋಚಿಸದೆ ಕೈ ಮುಂದೆ ಚಾಚಿ ತೊಳೆದುಕೊಂಡರು, ಟವೆಲಿನಲ್ಲಿ ಒರೆಸಿಕೊಂಡರು. ಒರೆಸಿಕೊಂಡ ಮೇಲೆ ತಾವು ಅಂಗರಚನಾ ಪಾಠದಲ್ಲಿ ಕುಳಿತಿರುವುದು ನೆನಪಾಯಿತು. ಆದರೆ ಕೈ ತೊಳೆದವರು ಪಾಲು ಬರುವ ಮೊದಲು ಏಳುವಂತಿಲ್ಲ. ಹಿಂದಿನ ಬೆಂಚಿನ ಯಾರೋ ಎರಡು ಅಂಗೈ ಮೇಲೆತ್ತಿ ಹರಸಿದರು. ಎಲ್ಲರೂ ಹಾಗೆಯೇ ಮಾಡಿದರು, ಡೀನ್ ಕೂಡ.

ಹಾಡು ಶುರುವಾಯಿತು. ಗಂಡಸರಲ್ಲಿ ಹಿರಿಯರೆಂದು ತಲೆ ಡೀನ್‌ಗೆ ಹೋಯಿತು. ಅವರು ಕೃತಜ್ಞತೆಯಿಂದ ವಾರ್ನಿಷ್ ಹಾಕಿದ ಬುರುಡೆಯನ್ನು ತೊಡೆಯ ಮೇಲಿಟ್ಟುಕೊಂಡರು. ಸೊಂಟ, ತೊಡೆ, ಹೆಗಲ ಹಲಗೆ ಒಂದೊಂದಾಗಿ ಕೈ ಸೇರಿದವು. ಸಿಕ್ಕ ಮೂಳೆಯ ಶಾಸ್ತ್ರೀಯ ಹೆಸರನ್ನು ಹುಡುಗರು ಎದ್ದು ನಿಂತು ಹೇಳಿದರು, ಸರಿಯಾಗಿಯೇ ಹೇಳಿದರು. ಇಸಾಬೆಕ್‌ನ ಎದೆ ಸ್ವಲ್ಪ ಹಗುರಾಯಿತು. ಹರಿವಾಣದಲ್ಲಿ ಉಳಿದದ್ದು ಎದೆಮೂಳೆ ಮತ್ತು ಬಾಲದ ಬುಡ, ಪಾಲು ಸಿಗದೆ ಉಳಿದದ್ದು ಇಬ್ಬರು ಹೆಂಗಸರು. ಆಗ ಅವನಿಗೆ ಹೊಳೆಯಿತು. ಬಾಲದ ಬುಡ ಬಂದವಳೇ ಮುದುಕಿ. ಅದು ಹೊಳೆದಾಗ ಕೊಜೋಬೆರ್ದಿಯ ಬಾಯಿ ತೆರೆದಿತ್ತು, ಹಾಗಾಗಿ ತಡೆಯುವಂತಿರಲಿಲ್ಲ.

ಬಾಲದ ಬುಡವಿದು ಮಾನದ ಎಲುಬು, ಹಿರಿಯಕ್ಕನ ಪಾಲು,
ಕಾಲವ ಕಂಡ ಉಮ್ಸುನಾಯ್ ಎಜೆಯ ಕೈಗಿಡುವೆನು, ಕೇಳು.

ಎದೆಮೂಳೆ ಬಾತ್ಮಾ ಎಜೆಯ ಮಡಿಲಿಗೆ ಬಂತು. ಆಕೆ ಅದನ್ನು ಹೊಸ ಮದುವಣಗಿತ್ತಿಯ ನಾಚಿಕೆಯಿಂದ ಸ್ವೀಕರಿಸಿ, "ತಗೊಳ್ಳಿ ಎಜೆ, ನೀವೇ ತಾನೆ ದೊಡ್ಡವರು" ಎಂದಳು.

"ನಾನು ನಿನಗೆ ಎಜೆ ಯಾವಾಗ ಆದೆ?"

"ಈಗ ತಾನೆ ಆದ್ರಲ್ಲ. ಹಾಡಲ್ಲೇ ಬಂತು."

"ಬಾತ್ಮಾ, ನೀನು ಎರಡನೇ ಕ್ಲಾಸಲ್ಲಿ ಎರಡು ವರ್ಷ ಇದ್ದೆ."

"ಜ್ವರ ಬಂದಿತ್ತು ಎಜೆ."

ಹುಡುಗರು ತುಟಿ ಕಚ್ಚಿಕೊಂಡರು. ಉಮ್ಸುನಾಯ್ ಎಜೆ ಬಾಲದ ಬುಡವನ್ನು ಮೇಜಿನ ಮೇಲೆ ಇಟ್ಟ ಸದ್ದಿಗೆ ಇಸಾಬೆಕ್‌ನ ಕಣ್ಣ ಮುಂದೆ ಹಾಲಿನ ಕ್ಯಾನುಗಳು ಸಾಲಾಗಿ ನಿಂತವು. ಆಕೆ ಪಾಠದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕತ್ತು ಕಾಣೆಯಾದದ್ದು ಆಕೆಯ ಗಮನಕ್ಕೇ ಬರಲಿಲ್ಲ. ಪೆನ್ನು ತೆಗೆದು, ಮುಚ್ಚಳ ಬಿಚ್ಚದೆ, ಸೀದಾ ಆಶುಕವಿಯನ್ನೇ ನೋಡಿದರು.

ಆಮೇಲೆ ಏನಾಯಿತೆಂದು ಮೊದಲೇ ಹೇಳಿಬಿಟ್ಟರೆ ನಷ್ಟವಿಲ್ಲ. ಆಕೆ ಆ ಪೆನ್ನಿನಲ್ಲೇ ಇಸಾಬೆಕ್‌ನ ಪಾಠ ಉತ್ತಮವೆಂದು ಬರೆದು ಸಹಿ ಹಾಕಿದರು, ಬರೆಯುವಾಗ ಭುಜ ಕುಲುಕುತ್ತಿದ್ದರಿಂದ ಸಹಿ ಸೊಟ್ಟಗಾಯಿತು. ಇಸಾಬೆಕ್ ಈಗಲೂ ಅಂಗರಚನೆಯನ್ನೇ ಕಲಿಸುತ್ತಾನೆ, ಕೊಜೋಬೆರ್ದಿ ತಿಂಗಳಿಗೊಮ್ಮೆ ಬಂದು ಹಂಚಿ ಹೋಗುತ್ತಾನೆ, ಕತ್ತಿನ ಪಾಠ ಮಾತ್ರ ಹಾಡಿಲ್ಲದೆ ನಡೆಯುತ್ತದೆ, ಅವತ್ತು ಹುಡುಗರು ಮಲಗುತ್ತಾರೆ. ಆದರೆ ಇದೆಲ್ಲ ಆದದ್ದು ಆ ಒಂದು ಉತ್ತರದಿಂದ.

"ಕೊಜೋಬೆರ್ದಿಯವರೇ" ಎಂದರು ಉಮ್ಸುನಾಯ್ ಎಜೆ. ಡೀನ್ ಬುರುಡೆಯನ್ನು ಇನ್ನಷ್ಟು ಅಪ್ಪಿಕೊಂಡರು. "ಎಲ್ಲರೆದುರಿಗೆ ನನ್ನ ಹಿರಿಯಕ್ಕ ಮಾಡಿದ್ರಿ. ನಿಜ ಹೇಳಿ, ನನಗೆ ಎಷ್ಟು ವಯಸ್ಸು ಅಂದ್ಕೊಂಡಿದ್ದೀರಿ?"

ಕೊಜೋಬೆರ್ದಿ ಕೊಮುಜ್ ಕೆಳಗಿಟ್ಟ. ಆಕೆಯ ಮುಖವನ್ನು ಸ್ವಲ್ಪ ಬಗ್ಗಿ, ಗಮನವಿಟ್ಟು ನೋಡಿದ. ಅವನ ಮುಖದ ಒಂದು ಗೆರೆಯೂ ಅಲುಗಲಿಲ್ಲ.

"ಹೇಳೋಕಾಗಲ್ಲ ಎಜೆ. ನಾವು ಕುರಿಯವ್ರು, ವಯಸ್ಸನ್ನ ಹಲ್ಲು ನೋಡಿ ಹೇಳೋದು. ನೀವು ಬೆಳಿಗ್ಗೆಯಿಂದ ಒಂದ್ಸಲಾನೂ ನಗಲಿಲ್ಲ."