ಸ್ಪೀಕರಿನ ಹಿಂದೆ ತುರುಕಿದ ಉಣ್ಣೆ

ಸ್ವೀಡನ್ನಿನ ಟೋರ್ಸ್‌ಲಾಂಡದಲ್ಲಿರುವ ಕಾರು ಕಾರ್ಖಾನೆಯ ಕೆಲಸ ನನ್ನ ಹೊಟ್ಟೆಪಾಡು. ಹಳೆಯ ವಾಲ್ವ್ ರೇಡಿಯೊಗಳನ್ನು ಹುಡುಕಿ ತಂದು ರಿಪೇರಿ ಮಾಡುವುದು ನನ್ನ ಗೀಳು. ಕಳೆದ ನವೆಂಬರಿನ ಒಂದು ಶನಿವಾರ ನಾನು ನೆಲಮಾಳಿಗೆಯಲ್ಲಿದ್ದಾಗ ಹೆಂಡತಿ ಮೇಲಿನಿಂದ ಕೂಗಿದಳು: "ರೀ, ಪಕ್ಕದ್ಮನೆ ಅಜ್ಜಿ ಟ್ರಾಲಿಲಿ ರೇಡಿಯೊ ಇಟ್ಕೊಂಡು ಬಂದಿದಾರೆ, ಬೇಗ ಬನ್ನಿ."

ಅಜ್ಜಿಗೆ ತೊಂಬತ್ತರ ಹತ್ತಿರ. ನಾರ್ವೆಯಲ್ಲಿ ಹುಟ್ಟಿ, ಮದುವೆಯಾಗಿ ಸ್ವೀಡನ್ನಿಗೆ ಬಂದವರು. ರೇಡಿಯೊ ಅವರ ತಂದೆಯದು.

"ಯುದ್ಧದಲ್ಲಿ ಜರ್ಮನ್ನರು ಊರಿನ ರೇಡಿಯೊಗಳನ್ನೆಲ್ಲ ಕಿತ್ತುಕೊಂಡರು. ಅಪ್ಪ ಇದನ್ನು ಆಲೂಗಡ್ಡೆ ಮೂಟೆಗಳ ಹಿಂದೆ ಬಚ್ಚಿಟ್ಟು ಲಂಡನ್ನಿನ ವಾರ್ತೆ ಕೇಳುತ್ತಿದ್ದ. ಯುದ್ಧ ಮುಗಿಯುವ ಮೊದಲೇ ಕೆಟ್ಟುಹೋಯಿತು. ಆಮೇಲೆ ಯಾರೂ ಬಿಚ್ಚಿಲ್ಲ," ಎಂದರು.

ಹಿಂಬದಿಯ ಹಲಗೆ ಬಿಚ್ಚಿದೆ. ಸ್ಪೀಕರಿನ ಸುತ್ತ ಬೂದುಬಣ್ಣದ್ದೇನೋ ಗಿಡಿದು ತುಂಬಿತ್ತು. ಇಲಿಗೂಡೆಂದುಕೊಂಡು ಚಿಮಟದಿಂದ ಒಂದೆಳೆ ಎಳೆದೆ. ಹೆಣೆದ ಉಣ್ಣೆ. ಮುಂದೆ ಕೈ ಹಾಕಲು ಮನಸ್ಸಾಗದೆ ಅಜ್ಜಿಯ ಕಡೆ ತಿರುಗಿದೆ. ಅವರೇ ಮೆಲ್ಲಗೆ ಹೊರಗೆಳೆದರು. ಪುಟ್ಟ ಸ್ವೆಟರು, ಧೂಳು ಕೊಡವಿದಾಗ ಕೆಂಪು ಕಂಡಿತು.

"ಇದು ನನ್ನದು." ಅವರು ಕುರ್ಚಿಗಾಗಿ ತಡಕಾಡಿದರು. "ಮನೆಯೆಲ್ಲ ಹುಡುಕಿ ಅತ್ತಿದ್ದೆ. ನುಸಿ ತಿಂದಿತು, ಎಸೆದೆ ಅಂದಿದ್ದಳು ಅಮ್ಮ."

"ಶಬ್ದ ಹೊರಗೆ ಕೇಳಬಾರದು ಅಂತ ತುರುಕಿರಬೇಕು," ಎಂದೆ.

"ನನಗೆ ಹೇಳಿದ್ದರೆ ನಾನು ಯಾರ ಮುಂದಾದರೂ ಬಾಯಿಬಿಡುತ್ತಿದ್ದೆ. ಐದು ವರ್ಷದವಳು."

ಅಲ್ಲಿಯವರೆಗೆ ರೇಡಿಯೊದ ಚರಿತ್ರೆಯೆಂದರೆ ನನಗೆ ಅದರ ಮಾದರಿ, ತಯಾರಾದ ವರ್ಷ, ವಾಲ್ವುಗಳ ಮೇಲಿನ ಮುದ್ರೆ, ಇಷ್ಟೇ ಆಗಿತ್ತು. ಉಣ್ಣೆಯನ್ನು ಇದ್ದ ಜಾಗದಲ್ಲೇ ಇಡಲೇ ಎಂದು ಕೇಳಿದೆ.

"ಬೇಡ. ಈಗ ಯಾರಿಗೆ ಹೆದರಬೇಕು?"

ಉಬ್ಬಿದ್ದ ಕೆಪಾಸಿಟರುಗಳನ್ನು ಬದಲಿಸಿ, ಕೆಲವು ತಂತಿಗಳಿಗೆ ಹೊಸದಾಗಿ ಬೆಸುಗೆ ಹಾಕಿ ಡಿಸೆಂಬರಿನಲ್ಲಿ ಅಜ್ಜಿಯನ್ನು ಕರೆದೆ. ಇಲ್ಲಿನ ಮೀಡಿಯಂ ವೇವ್ ನಿಲಯಗಳು ಎಂದೋ ಮುಚ್ಚಿವೆ, ಏನೂ ಕೇಳಿಸದೆ ಇರಬಹುದು ಎಂದು ಮೊದಲೇ ಎಚ್ಚರಿಸಿದ್ದೆ. ಹೊರಗೆ ಮಧ್ಯಾಹ್ನವೇ ಕತ್ತಲಾಗಿತ್ತು. ವಾಲ್ವುಗಳು ನಿಧಾನವಾಗಿ ಕೆಂಪಗಾದವು. ತಿರುಗುಣಿ ತಿರುಗಿಸುತ್ತ ಹೋದಂತೆ, ಗೊರಗೊರ ಸದ್ದಿನ ನಡುವೆ ಯಾವುದೋ ದೂರದೇಶದ ಹೆಂಗಸಿನ ದನಿ ತೇಲಿ ಬಂತು. ಭಾಷೆ ನಮ್ಮಿಬ್ಬರಿಗೂ ತಿಳಿಯಲಿಲ್ಲ. ಸದ್ದು ಕರ್ಕಶವಾಗಿತ್ತೆಂದು ತಗ್ಗಿಸಲು ಹೋದೆ.

ಅಜ್ಜಿ ನನ್ನ ಕೈ ತಡೆದರು. ತಾವೇ ಪೂರ್ತಿ ಏರಿಸಿದರು. ಮೇಲಿನಿಂದ ನನ್ನ ಮಗಳು ಸ್ವೀಡಿಷ್‌ನಲ್ಲಿ ಗದರಿದಳು. ಕೋಟು ಕೂಡ ಬಿಚ್ಚದೆ, ಆ ಅಬ್ಬರದ ಎದುರು ಅವರು ಬಹಳ ಹೊತ್ತು ಕುಳಿತಿದ್ದರು.