ಫೋನಿನಲ್ಲಿ ಓದಿಸಿದ ಪಾಠ

ಔರಾದ ತಾಲೂಕಿನ ನಮ್ಮ ಊರಿಗೆ ಮಳೆ ಮತ್ತೊಮ್ಮೆ ಕೈಕೊಟ್ಟ ವರ್ಷ ನಾನು ನಾಲ್ಕನೇ ತರಗತಿಯಲ್ಲಿದ್ದೆ. ತೊಗರಿ ಮೊಣಕಾಲೆತ್ತರಕ್ಕೇ ಒಣಗಿ ನಿಂತಿತ್ತು. ಓಣಿಯಲ್ಲಿ ಒಂದೊಂದೇ ಮನೆಗೆ ಬೀಗ ಬೀಳುತ್ತಿತ್ತು. ಶಾಲೆಯಲ್ಲಿ ಗುರುಗಳು ಹಾಜರಿ ಕರೆಯುವಾಗ ಯಾರಾದರೂ ಓಗೊಡದಿದ್ದರೆ ತಲೆ ಎತ್ತಿ ನೋಡುವುದನ್ನೂ ಬಿಟ್ಟಿದ್ದರು. ಸುಮ್ಮನೆ ಮುಂದಿನ ಹೆಸರಿಗೆ ಹೋಗುತ್ತಿದ್ದರು.

ನನ್ನ ಹೋಂವರ್ಕ್ ನೋಡುವುದು ಅಪ್ಪನ ಕೆಲಸ. ಅವನು ಕಲಿತದ್ದು ಕಡಿಮೆ, ಆದರೆ ಓದಲು ಬರುತ್ತಿತ್ತು. ಸಂಜೆ ಕೈಕಾಲು ತೊಳೆದು ನನ್ನ ಪಕ್ಕ ಕೂತರೆ ಎಲ್ಲ ಮುಗಿಯುವ ತನಕ ಏಳುತ್ತಿರಲಿಲ್ಲ. ಉತ್ತರ ಮಾತ್ರ ಹೇಳಿಕೊಡುತ್ತಿರಲಿಲ್ಲ. ನಾನು ಅತ್ತರೂ ಅಷ್ಟೇ.

"ತಪ್ಪಾದ್ರ ಆಗಲಿ, ನೀನೇ ಬರಿ. ನಾ ಇಲ್ಲೇ ಕುಂತೀನಿ," ಎನ್ನುತ್ತಿದ್ದ.

ಪಾಠವನ್ನು ಜೋರಾಗಿ ಓದಬೇಕಿತ್ತು. ತಡವರಿಸಿದರೆ ಬೈಯದೆ ಬೆರಳಿನಿಂದ ನೆಲಕ್ಕೆ ಮೆಲ್ಲಗೆ ಬಡಿಯುತ್ತಿದ್ದ. ಆ ಸಾಲನ್ನು ಇನ್ನೊಮ್ಮೆ ಓದು ಎಂದರ್ಥ.

ದೀಪಾವಳಿ ಮುಗಿದ ಮೇಲೆ ಅಪ್ಪ, ಅವ್ವ ಇಬ್ಬರೂ ಹೈದರಾಬಾದಿಗೆ ಎತ್ತರದ ಕಟ್ಟಡಗಳ ಸೆಂಟ್ರಿಂಗ್ ಕೆಲಸಕ್ಕೆ ಹೊರಟರು. ನನ್ನನ್ನು ಭಾಲ್ಕಿಯಲ್ಲಿ ಅವ್ವನ ತಾಯಿಯ ಹತ್ತಿರ ಬಿಟ್ಟರು. ಆಕೆಯನ್ನು ನಾನು ಆಯಿ ಎನ್ನುತ್ತಿದ್ದೆ. ಬಸ್ಸು ಹತ್ತುವ ಮುಂಚೆ ಅಪ್ಪ ಆಯಿಗೆ ಹೇಳಿದ: "ಅತ್ತಿ, ದಿನಾ ಸಂಜಿಗಿ ಆಕಿಗಿ ಓದ್ಲಿಕ್ಕ ಕುಂದ್ರಸ್ರಿ. ನಿಮಗ ಓದ್ಲಿಕ್ಕ ಬರಲಿಲ್ಲಂದ್ರೂ ನಡೀತದ. ಬಾಜೂಕ ಕುಂತ್ರ ಸಾಕು."

"ಕುಂದ್ರಸ್ತೇನಿ. ನೀವು ಎತ್ತರದಾಗ ಹುಷಾರಿರ್ರಿ," ಎಂದಳು ಆಯಿ.

ಅಪ್ಪ ಆಯಿಯ ಮೊಬೈಲಿಗೆ ದಿನವೂ ಸಂಜೆ ಫೋನ್ ಮಾಡುತ್ತಿದ್ದ. ಹೊಸ ಶಾಲೆಯಲ್ಲಿ ಏನು ಕೊಟ್ಟಿದ್ದಾರೆಂದು ಕೇಳಿ ಓದಿಸುತ್ತಿದ್ದ. ಎಡವಿದಲ್ಲಿ ಉಗುರಿನಿಂದ ಫೋನಿಗೆ ಟಕ್ ಟಕ್ ಎಂದು ಬಡಿಯುತ್ತಿದ್ದ. ಹಿಂದೆ ಕಬ್ಬಿಣದ ಸರಳುಗಳ ಸದ್ದು, ತೆಲುಗಿನಲ್ಲಿ ಯಾರೋ ಕೂಗುವುದು ಕೇಳುತ್ತಿತ್ತು. ಒಂದು ಸಂಜೆ ಅದೆಲ್ಲ ಮುಚ್ಚಿಹೋಗುವಂತೆ ಗಾಳಿ ಭೋರೆನ್ನುತ್ತಿತ್ತು.

"ಏನಪ್ಪಾ ಅದು ಸಪ್ಪಳ?"

"ಗಾಳಿ. ಮ್ಯಾಲಿದ್ದೇನಿ. ಇಲ್ಲಿಂದ ನಿಮ್ಮ ಭಾಲ್ಕಿ ಕಾಣಸ್ತದ ನೋಡು," ಎಂದು ನಕ್ಕ.

ನಾನೂ ನಕ್ಕೆ. ಆಯಿ ನಗಲಿಲ್ಲ. ಫೋನ್ ಕಸಿದುಕೊಂಡು, "ಕೆಳಗ ಇಳದು ಮಾತಾಡ್ರಿ," ಎಂದಳು.

ಅದಾದ ಮೇಲೆ ಕೆಲವು ಸಂಜೆ ಫೋನ್ ಬರಲಿಲ್ಲ. ಆಯಿ ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು ಹೊಸ್ತಿಲಲ್ಲೇ ಕೂತಿರುತ್ತಿದ್ದಳು. ರೊಟ್ಟಿ ಬಡಿಯುವಾಗಲೂ ಅದು ಪಕ್ಕದಲ್ಲೇ ಇರಬೇಕು. ಕೊನೆಗೊಮ್ಮೆ ಅವ್ವನ ಫೋನ್ ಬಂತು. ಆಯಿ ಹೊರಗೆ ಹೋಗಿ ಮಾತಾಡಿ ಬಂದು, ನನ್ನ ಮುಖ ನೋಡದೆ ಮೊಬೈಲ್ ಕೈಗಿಟ್ಟಳು.

"ಹೋಂವರ್ಕ್ ಓದು," ಎಂದಳು ಅವ್ವ.

"ಅಪ್ಪ ಎಲ್ಲಿ?"

"ಇಲ್ಲೇ ಹಾರ. ಗಂಟಲ ಕುಂತದ, ಮಾತಾಡ್ಲಿಕ್ಕ ಆಗಲ್ದು. ಕೇಳ್ತಾರ, ನೀ ಓದು."

ಓದಿದೆ. ಹಿಂದೆ ಸರಳಿನ ಸದ್ದಿರಲಿಲ್ಲ, ಗಾಳಿಯಿರಲಿಲ್ಲ. ಯಾರೋ ಚಪ್ಪಲಿ ಎಳೆಯುತ್ತ ನಡೆದುಹೋದರು, ಅಷ್ಟೇ. ಬೇಕೆಂದೇ ಒಂದು ಪದ ತಪ್ಪಾಗಿ ಓದಿ ಕಾದೆ. ಫೋನಿಗೆ ಯಾರೂ ಬಡಿಯಲಿಲ್ಲ.

"ಮುಂದ ಓದು," ಎಂದಳು ಅವ್ವ.

ಅಂದಿನಿಂದ ಪ್ರತಿ ಸಂಜೆ ಹಾಗೆಯೇ. ಪಾಠ ಮುಗಿದರೆ ಮತ್ತೆ ಮೊದಲಿನಿಂದ ಓದಿಸುತ್ತಿದ್ದಳು. ಅದೂ ಮುಗಿದರೆ ಮಗ್ಗಿ. ಅಪ್ಪ ಇದ್ದಾಗ ಇಷ್ಟೊಂದು ಓದಿದ್ದೇ ಇಲ್ಲ. ನಾನು ಓದಲು ಶುರುಮಾಡಿದರೆ ಆಯಿ ಎದ್ದು ಹಿತ್ತಿಲಿಗೆ ಹೋಗುತ್ತಿದ್ದಳು. ಏನಾಗಿದೆ ಎಂದು ಕೇಳಲು ನನಗೆ ಹೆದರಿಕೆ. ನಾನು ನಿಲ್ಲಿಸಿದರೆ ಅಲ್ಲಿ ಏನೋ ಆಗಿಬಿಡುತ್ತದೆ ಎಂದು ಯಾಕೋ ಅನ್ನಿಸಿತ್ತು. ನೀರು ಕುಡಿಯಬೇಕೆನ್ನಿಸಿದರೂ ತಡೆದುಕೊಂಡು ಓದುತ್ತಿದ್ದೆ.

ಒಂದು ದಿನ ತಡೆಯಲಾಗಲಿಲ್ಲ. "ಅಪ್ಪ ಮಾತಾಡೋತನ ನಾ ಓದಂಗಿಲ್ಲ," ಎಂದೆ.

ಫೋನಿನೊಳಗಿಂದ ಉಸಿರೊಂದು ಕೇಳಿತು. ಒರಟಾಗಿ, ಎಳೆದೆಳೆದು ಬರುತ್ತಿದ್ದ ಉಸಿರು. ಅದು ಅವ್ವನದಲ್ಲ.

"ಮ್ಯಾಲಿಂದ ಬಿದ್ದಾರ," ಎಂದಳು ಅವ್ವ. "ದವಾಖಾನಿಯಾಗ ಹಾರ. ಕಣ್ಣ ತೆರೀವಲ್ರು. ಫೋನ್ ಕಿವಿಗಿ ಹಿಡಿದೇನಿ. ನಿನ್ನ ಧ್ವನಿ ಕೇಳಿದ್ರ ಉಸರ ಒಂಚೂರು ಸಮ ಆಗ್ತದ. ನಿಂದ್ರಸಬ್ಯಾಡವ್ವ."

ಪುಸ್ತಕದ ಅಕ್ಷರ ಕಾಣದಂತಾಯಿತು. ಬಾಯಿಪಾಠವಾಗಿದ್ದನ್ನೇ ಹೇಳುತ್ತ ಹೋದೆ. ಆ ಸಂಜೆ ಆಯಿ ಹಿತ್ತಿಲಿಗೆ ಹೋಗಲಿಲ್ಲ. ನನ್ನ ಬೆನ್ನ ಮೇಲೆ ಕೈಯಿಟ್ಟು ಕೂತಳು.

ಅಪ್ಪ ಕಣ್ಣು ತೆರೆದ. ಯುಗಾದಿಗೆ ಮುಂಚೆ ಅವನನ್ನು ಬೀದರಿಗೆ ಕರೆತಂದರು. ಆಸ್ಪತ್ರೆಗೆ ಹತ್ತಿರವಾಗಲೆಂದು ಅಲ್ಲೇ ಒಂದು ಕೋಣೆ ಹಿಡಿದೆವು. ಅವ್ವ ಗಾಂಧಿ ಗಂಜಿನ ಮಾರುಕಟ್ಟೆಯಲ್ಲಿ ಬೇಳೆಕಾಳು ಹಸನು ಮಾಡುವ ಕೆಲಸಕ್ಕೆ ಸೇರಿದಳು, ನಾನು ಅಲ್ಲಿನ ಶಾಲೆಗೆ. ಅಪ್ಪನ ಬಲಗಾಲು ನೆಟ್ಟಗಾಗಲಿಲ್ಲ. ಮಾತು ತಡೆತಡೆದು ಬರುತ್ತಿತ್ತು. ಆದರೂ ಹೋಂವರ್ಕಿನ ಹೊತ್ತಿಗೆ ಗೋಡೆಗೊರಗಿ ನನ್ನ ಪಕ್ಕ ಕೂರುತ್ತಿದ್ದ.

ಹೆಚ್ಚು ಹೊತ್ತು ಕೂರಲಾಗುತ್ತಿರಲಿಲ್ಲ. ನಡುವೆಯೇ ಕತ್ತು ವಾಲಿ ಕಣ್ಣು ಮುಚ್ಚುತ್ತಿತ್ತು. ಆಗ ನನ್ನ ಪೆನ್ಸಿಲ್ ನಿಂತುಬಿಡುತ್ತಿತ್ತು. ಅವನ ಎದೆ ಏರಿಳಿಯುವುದನ್ನೇ ನೋಡುತ್ತಿದ್ದೆ. ಒಂದು ಉಸಿರು ತುಸು ತಡವಾದರೂ ಹತ್ತಿರ ಸರಿಯುತ್ತಿದ್ದೆ. ಒಂದು ಸಂಜೆ ಗಂಜಿನಿಂದ ಬಂದ ಅವ್ವ ನನ್ನನ್ನು ಹಾಗೇ ಕಂಡಳು. ತಲೆಯ ಮೇಲಿನ ಬೇಳೆಯ ಧೂಳನ್ನೂ ಕೊಡವದೆ ನೇರ ಅಪ್ಪನ ಹತ್ತಿರ ಹೋಗಿ ಮೂಗಿನ ಕೆಳಗೆ ಬೆರಳಿಟ್ಟಳು. ಅವನ ಎದೆ ಏರಿಳಿಯುತ್ತಿದ್ದರೂ ಬಹಳ ಹೊತ್ತು ತೆಗೆಯಲಿಲ್ಲ.

"ನಿದ್ದಿ ಹತ್ಯದ," ಎಂದಳು ಕೊನೆಗೆ. "ನೀ ಬರಿ."